ಮೂರನೆಯ ನಕ್ಷತ್ರ

೧೯೪೦ನೇ ಇಸವಿ, ಮಾರ್ಚ್ ತಿಂಗಳು. ಮಂಡ್ಯದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲೊಂದರಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದೆ. ಒಂದು ಕಡೆ ಐದು ನಿಮಿಷ ನೆಟ್ಟಗೆ ಕೂತವಳಲ್ಲ ನಾನು. ಅಂಥವಳನ್ನು ಇಡೀ ಒಂದು ಶನಿವಾರ ಮುಚ್ಚಿದ ಕೋಣೆಯಲ್ಲಿ ಕೂಡಿ ಹಾಕಿದವಳು ರೂತ್.

ರೂತ್‌ಗೆ ಆಗ ಹದಿನಾಲ್ಕು. ಅವಳಪ್ಪ ಜಲಪಾತದ ಹತ್ತಿರ ಬ್ಲಫ್ ಅನ್ನೋ ಊರಿನಲ್ಲಿ ಕರೆಂಟು ತಯಾರಿಸುವ ಕಡೆ ಇಂಜಿನಿಯರು. ಯಹೂದಿಗಳು. ಜರ್ಮನಿಯಲ್ಲಿ ಬಾಳಗೊಡದೆ ಅಟ್ಟಿದ್ದರಿಂದ ಇಲ್ಲಿಗೆ ಬಂದಿದ್ದರು. ಹುಡುಗಿ ಮಂಡ್ಯದ ಪಕ್ಕದ ಗುತ್ತಲಿನ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಒತ್ತಕ್ಷರ ತಪ್ಪಿದಾಗಲೆಲ್ಲ ಗದರಿ ಗದರಿ ಎರಡು ವರ್ಷದಲ್ಲಿ ಅವಳಿಗೆ ಕನ್ನಡ ಕಲಿಸಿದ್ದೆ.

ಆ ಸಲ ಕನ್ನಡ ಪರೀಕ್ಷೆ ಶನಿವಾರ ಬಿತ್ತು. "ಶನಿವಾರ ನಾನು ಬರೆಯೋ ಹಾಗಿಲ್ಲ ಮೇಡಂ" ಅಂದಳು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಅವರು ಬರೆಯಬಾರದು, ದೀಪ ಹಚ್ಚಬಾರದು, ಯಾವ ಕೆಲಸವನ್ನೂ ಮಾಡಬಾರದು. ನನಗೆ ಮೈಯೆಲ್ಲ ಉರಿಯಿತು. ಅದೊಂದು ಪಾಸಾಗದಿದ್ದರೆ ಹೈಸ್ಕೂಲೇ ಇಲ್ಲ.

"ಒಂದು ದಿನ ಬರೆದರೆ ನಿಮ್ಮ ದೇವರು ಬಂದು ಕತ್ತು ಹಿಸುಕ್ತಾನೇನೇ?" ಅಂತ ರೇಗಿದೆ.

"ಅಲ್ಲಿ ಯಹೂದಿ ಅಂತ ನನ್ನ ಸ್ಕೂಲಿಂದ ಆಚೆ ಹಾಕಿದರು. ಇಲ್ಲಿ ಸ್ಕೂಲಿಗೋಸ್ಕರ ನಾನೇ ಅದನ್ನ ಬಿಟ್ಟುಬಿಡಲಾ ಮೇಡಂ?" ಅಂದಳು.

ಒಲೆ ಮುಂದಿದ್ದ ನಮ್ಮವ್ವ ತಿರುಗಿದಳು. "ಸ್ವಾಮಾರ ನಾವು ಎತ್ತಿಗೆ ಆರು ಕಟ್ಟೀವಾ? ಮಳೆ ಬಿದ್ದು ಹದ ತಪ್ಪೋದ್ರೂವೆ ಕಟ್ಟಾಕಿಲ್ಲ. ಅಂಗೇ ಆ ಮಗೀಗೆ ಸನಿವಾರ. ಸುಮ್ಕೆ ಬುಡು."

ಮಾರನೇ ದಿನ ಹೆಡ್‌ಮಾಸ್ತರ ಬೆನ್ನು ಹತ್ತಿದೆ. ಬಲು ಶಿಸ್ತಿನ ಮನುಷ್ಯ, ಆದರೂ ಮೇಲಿನವರಿಗೆ ಬರೆದು ಒಪ್ಪಿಗೆ ತರಿಸಿದರು. "ಬೆಳಗಿಂದ ಅವಳು ಯಾರ ಕಣ್ಣಿಗೂ ಬೀಳಬಾರದು, ಪ್ರಶ್ನೆ ಗೊತ್ತಾದೀತು. ಕಾವಲು ನಿಮ್ಮದು. ಸಂಜೆ ಏಳರೊಳಗೆ ಶುರು ಮಾಡಬೇಕು. ಇಲ್ಲದಿದ್ದರೆ ಗೈರುಹಾಜರಿ ಅಂತ ಬರೀತೀನಿ ಕಣಮ್ಮ" ಅಂದರು.

ಶನಿವಾರ ಬಂತು. ಯಾರೂ ಹೊರಗಿಂದ ಪ್ರಶ್ನೆ ಕೂಗದಿರಲಿ ಅಂತ ಸ್ಕೂಲಿನ ಒಂದು ಕೋಣೆಯ ಕಿಟಕಿಗಳಿಗೆಲ್ಲ ಅಗುಳಿ ಹಾಕಿಸಿದ್ದರು. ರೂತ್ ಹಿಂದಿನ ದಿನ ಸುಟ್ಟಿಟ್ಟಿದ್ದ ರೊಟ್ಟಿ ತಿಂದು ಬೆಂಚಿನ ಮೇಲೆ ಆರಾಮಾಗಿ ಕೂತಳು. ಒಂದ್ಸಲ ಪುಸ್ತಕನಾದರೂ ತಿರುವಿ ಹಾಕೇ ಅಂದರೆ, ಪರೀಕ್ಷೆಗೆ ಓದೋದೂ ಕೆಲಸವೇ ಅಂದಳು. ನಾನು ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ತಿರುಗಿದೆ. ಬಿಂದಿಗೆ ನೀರೆಲ್ಲ ನಾನೊಬ್ಬಳೇ ಕುಡಿದೆ.

"ಕೂತ್ಕೊಳ್ಳಿ ಮೇಡಂ. ನೀವು ಓಡಾಡಿದರೆ ಸಂಜೆ ಬೇಗ ಬರುತ್ತಾ?" ಅಂತ ನಕ್ಕಳು. ಕೂತೆ. ಮತ್ತೆ ಎದ್ದೆ.

ಸಂಜೆ ಆರಕ್ಕೆ ಮೋಡ ಕವಿಯಿತು. ಬಾಗಿಲು ಎಳೆದುಕೊಂಡು ಜಗುಲಿಗೂ ಕೋಣೆಗೂ ಎಷ್ಟು ಸಲ ಅಲೆದೆನೋ. ಆರೂ ಮುಕ್ಕಾಲಿಗೆ ರೈಲ್ವೆ ಸ್ಟೇಷನ್ನಿನ ಕಡೆ ಒಂದು ನಕ್ಷತ್ರ ಕಂಡಿತು. ಇನ್ನು ಸ್ವಲ್ಪ ಹೊತ್ತಿಗೆ ಮೋಡದ ಸಂದಿನಲ್ಲಿ ಇನ್ನೊಂದು. ಮೂರನೆಯದು ಇಲ್ಲ. ಹೆಡ್‌ಮಾಸ್ತರು ಗಡಿಯಾರ ತೆಗೆದು, "ಇನ್ನು ಮೂರು ನಿಮಿಷ ಕಣಮ್ಮ" ಅಂದರು. ಅವರ ಕೈಯಲ್ಲಿ ಹಾಜರಿ ಹಾಳೆ ಇತ್ತು.

ಒಳಗೆ ಹೋದೆ. ಕತ್ತಲಲ್ಲಿ ರೂತ್ ಎದ್ದು ನಿಂತಿದ್ದಳು. "ಮೂರು ಕಂಡವಾ ಮೇಡಂ?"

ತಾನೇ ಬಂದು ನೋಡುತ್ತೇನೆ ಅನ್ನಲಿಲ್ಲ. ನನ್ನನ್ನು ಕೇಳಿದಳು.

"ಕಂಡವು ಕಣಮ್ಮ" ಅಂದೆ.

ಕಣ್ಣು ಮುಚ್ಚಿ ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡಳು. ಆಮೇಲೆ ಪೆನ್ನಿಗೆ ಕೈ ಚಾಚಿದಳು. ನಾನು ಲಾಟೀನು ಹಚ್ಚಿದೆ. ಕಡ್ಡಿ ಎರಡು ಸಲ ಆರಿತು.

ಹೆಡ್‌ಮಾಸ್ತರು ಒಳಗೆ ಕೂತರು. ನಾನು ಅಂಗಳದಲ್ಲಿ ಕತ್ತೆತ್ತಿ ನಿಂತೆ. ಏಳೂಕಾಲಿಗೆ ಹುಣಸೇಮರದ ಮೇಲೆ ಮೂರನೆಯದು ಬಂತು. ಅಷ್ಟು ಹೊತ್ತಿಗೆ ಅವಳು ಮೊದಲನೇ ಪ್ರಶ್ನೆ ಮುಗಿಸಿದ್ದಿರಬೇಕು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

ರೂತ್ ಪಾಸಾದಳು. ಮುಂದೆ ಮೈಸೂರಿನಲ್ಲಿ ಓದಿದಳು. ಯುದ್ಧವೆಲ್ಲ ಮುಗಿದ ಮೇಲೆ ಈ ವರ್ಷ ಅವರ ಮನೆಯವರೆಲ್ಲ ದೇಶ ಬಿಟ್ಟು ಹೊರಟರು. ಹೋಗುವ ಮುಂಚೆ ಗುತ್ತಲಿಗೆ ಬಂದು ಎರಡು ದಿನ ಇದ್ದಳು. ಶನಿವಾರ ಸಂಜೆ ಅಂಗಳದಲ್ಲಿ ನನ್ನ ಕೈ ಹಿಡಿದು, "ಒಂದು, ಎರಡು, ಮೂರು" ಅಂತ ಬೆರಳು ತೋರಿಸಿ ಎಣಿಸಿದಳು. "ಅವತ್ತು ನೀವು ನನಗೋಸ್ಕರ ಎಣಿಸಿದಿರಲ್ಲ ಮೇಡಂ" ಅಂದಳು. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಬಾ, ಊಟಕ್ಕೆ ಹೊತ್ತಾಯಿತು ಅಂದೆ.

ಅವಳಿಗೆ ಹೈಸ್ಕೂಲು ಸಿಕ್ಕಿದ್ದಕ್ಕೆ ನನಗೆ ಇವತ್ತಿಗೂ ಸಂತೋಷವೇ. ಆದರೆ ಹೊತ್ತು ಮುಳುಗಿದರೆ ಮನೆಯೊಳಗೆ ನಿಲ್ಲಲಾರೆ, ಆಚೆ ಬಂದು ಎಣಿಸುತ್ತೇನೆ. ಅವತ್ತು ಎರಡೇ ಇದ್ದವು ಕಣೇ ರೂತ್.