ಬಡವನ ತುಂಡು

ಹೊಸ ವರ್ಷದ ಕೇಕಿಗೆ ಹಿಟ್ಟು ಕಲಸುವಾಗ ಸ್ಟಮಾತಿಯಾ ಯಾರನ್ನೂ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಕಿತ್ತಳೆ ಸಿಪ್ಪೆ ತುರಿದು ಹಾಕಿ, ಕೊನೆಗೆ ಒಂದು ದ್ರಾಖ್ಮಾ ನಾಣ್ಯ ಹುದುಗಿಸಿ, ಕಣ್ಣು ಮುಚ್ಚಿ ತಟ್ಟೆಯನ್ನು ಗರಗರ ತಿರುಗಿಸುವಳು. ನಾಣ್ಯ ಎಲ್ಲಿದೆಯೆಂದು ಮಾಡಿದವಳಿಗೂ ತಿಳಿಯಬಾರದು. ಸಿಕ್ಕವರಿಗೆ ವರ್ಷವಿಡೀ ಅದೃಷ್ಟ.

ಪ್ಲೊಮಾರಿ ಎಂಬ ದ್ವೀಪದೂರಿನ ಆ ಮನೆ ಅವಳದೇ ಆಗಿತ್ತು. ಆ ದ್ವೀಪದಲ್ಲಿ ಮನೆ ಹೋಗುವುದು ಮಗಳಿಗೆ. ಆದರೆ ಅವಳಿಗೆ ಗೊತ್ತುಮಾಡಿದ್ದ ಗಂಡು ಕಡಲ ಪಾಲಾದ. ತಮ್ಮ ಅರ್ಗೀರಿಸ್ ಥೆಕ್ಲಾಳನ್ನು ಮದುವೆಯಾದಾಗ, ಒಂಟಿ ಹೆಂಗಸಿಗೆ ಯಾಕೆ ಮನೆ ಎಂದು ಅವನಿಗೇ ಬಿಟ್ಟುಕೊಟ್ಟಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಕೇಕನ್ನು ಯಜಮಾನನೇ ಹೆಸರು ಕೂಗಿ ಕೊಯ್ಯಬೇಕು. ಕ್ರಿಸ್ತನಿಗೆ, ಮಾತೆ ಮರಿಯಳಿಗೆ, ಮನೆಗೆ, ಆಮೇಲೆ ಮನೆಮಂದಿಗೆಲ್ಲ. ಕೊನೆಯದು ಬಾಗಿಲಿಗೆ ಬರುವ ಬಡವನಿಗೆ. ಅವ್ವ ಸತ್ತ ವರ್ಷ ಅರ್ಗೀರಿಸ್ ಅಕ್ಕನ ಹೆಸರು ಮರೆತ. ಮರುವರ್ಷವೂ ಮರೆತ. ಬಡವ ಯಾವತ್ತೂ ಬರಲಿಲ್ಲ, ಹಾಗಾಗಿ ಅವನ ತುಂಡು ಅವಳಿಗೆ ಎಂಬುದೇ ರೂಢಿಯಾಯಿತು. ಈ ಸಲ ಅವಳು ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು.

"ನನ್ನ ಹೆಸರಲ್ಲೂ ಒಂದು ತುಂಡು ಕೊಯ್ಯೋ ಅರ್ಗೀರಿ."

"ಅದಕ್ಕೇನಂತೆ ಬಿಡಕ್ಕ."

ಊಟವಾಯಿತು. ಅರ್ಗೀರಿಸ್ ಚಾಕುವಿನಿಂದ ಕೇಕಿನ ಮೇಲೆ ಶಿಲುಬೆ ಎಳೆದು ಕೊಯ್ಯತೊಡಗಿದ. ಕ್ರಿಸ್ತ, ಮಾತೆ, ಮನೆ, ತಾನು, ಥೆಕ್ಲಾ, ಮಗಳು ಮಿರ್ಸಿನಿ. "ಇದು ಬಡವನಿಗೆ," ಎಂದು ಚಾಕು ಕೆಳಗಿಟ್ಟ. ಸ್ಟಮಾತಿಯಾ ಅವನ ಮುಖವನ್ನೇ ನೋಡಿದಳು.

"ಅಯ್ಯೋ, ಮರೆತೇ ಹೋಯ್ತು ಕಣಕ್ಕ. ಬಡವಂದೇ ತಗೋ. ಯಾರು ಬರ್ತಾರೆ ಈಗ?"

"ಬರೋದೇನು, ಮನೇಲೇ ಇದಾರಲ್ಲ," ಎಂದು ಥೆಕ್ಲಾ ನಕ್ಕಳು. "ನಾಣ್ಯ ಅದ್ರಲ್ಲಿ ಸಿಕ್ರೆ ಮಾತ್ರ ಚರ್ಚಿನ ಹುಂಡಿಗೆ ಹಾಕ್ಬೇಕು ಅಕ್ಕ. ಬಡವರದ್ದು ಬಡವರಿಗೇ."

ಎರಡನೇ ತುತ್ತಿಗೇ ನಾಣ್ಯ ಹಲ್ಲಿಗೆ ತಾಗಿತು. ಸ್ಟಮಾತಿಯಾ ಅದನ್ನು ನಾಲಗೆಯಿಂದ ಮೆಲ್ಲಗೆ ದವಡೆಗೆ ಸರಿಸಿಕೊಂಡಳು. ಉಳಿದವರು ತಮ್ಮ ತಮ್ಮ ತುಂಡು ಪುಡಿ ಮಾಡಿದರು. ಮನೆಯ ತುಂಡನ್ನೂ, ಕಡೆಗೆ ಕ್ರಿಸ್ತನದನ್ನೂ ಮುರಿದು ನೋಡಿದರು.

"ಹಾಕೋದೇ ಮರೆತ್ರಾ?" ಥೆಕ್ಲಾ ಕೇಳಿದಳು.

ಬಾಯಿ ಬಿಟ್ಟರೆ ನಾಣ್ಯ ಹುಂಡಿಗೆ. ಸ್ಟಮಾತಿಯಾ ತಲೆ ತಗ್ಗಿಸಿ ಹೂಂಗುಟ್ಟಿದಳು.

"ವರ್ಷದ ಮೊದಲ ದಿನವೇ ಮನೆಗೆ ಅಪಶಕುನ," ಎಂದಳು ಥೆಕ್ಲಾ. "ಮುಂದಿನ ಸಲ ಬೇಕರಿಯಿಂದ್ಲೇ ತರಿಸೋಣ. ಇವರಿಗೂ ವಯಸ್ಸಾಯ್ತು, ಕೂತ್ಕೊಳ್ಳಲಿ."

ಅರ್ಗೀರಿಸ್ ಹೌದೆಂದು ತಲೆಯಾಡಿಸಿದ.

ಸ್ಟಮಾತಿಯಾ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ಮನೆಯಲ್ಲಿ ತನ್ನದೆಂದು ಉಳಿದಿದ್ದ ಒಂದೇ ಕೆಲಸವೂ ಕೈತಪ್ಪಿತ್ತು. ನಾಣ್ಯವನ್ನು ಅಂಗೈಗೆ ಉಗಿದು, ತೊಳೆದು, ಕಪ್ಪು ಉಡುಪಿನ ಜೇಬಿಗೆ ಹಾಕಿಕೊಂಡಳು. ಈ ವರ್ಷ ಆ ಮನೆಯ ಅದೃಷ್ಟವಂತೆ ಅವಳೇ.