ಅಪ್ಪನ ತ್ರೀ ಫಿಫ್ಟೀನ್

"ಹೆಣ್ಣುಮಕ್ಕಳಿಗೆ ಟೂ ಟೂ ಸಾಕು ಕಣಮ್ಮ" ಎಂದು ಚಿಕ್ಕಪ್ಪ ಹೇಳಿದಾಗ ನಾನು ಅವರಿಗೆ ಕಾಫಿ ಬಗ್ಗಿಸುತ್ತಿದ್ದೆ. ಲೋಟ ತುಂಬುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟೆ.

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರ ಹೆಸರಿನಲ್ಲಿ ಒಂದು ರೈಫಲ್ ಇತ್ತು, ತ್ರೀ ಫಿಫ್ಟೀನ್ ಬೋರಿನದು. ಬೋರು ಎಂದರೆ ನಳಿಗೆಯ ತೂತಿನ ಅಳತೆ. ಕಾಡುಹಂದಿಗಳು ಹೊಲಕ್ಕೆ ನುಗ್ಗಿ ಜೋಳ ಮುಕ್ಕುತ್ತವೆ ಎಂದು ಹಿಂದೆ ಬೆಳೆ ಕಾಯುವುದಕ್ಕೆ ಲೈಸೆನ್ಸ್ ಕೊಟ್ಟಿದ್ದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಒಟ್ಟಿಗೆ ಹೋಗಿ ಒಂದೇ ಅಂಗಡಿಯಲ್ಲಿ ಒಂದೇ ಬೋರಿನ ಒಂದೊಂದು ಬಂದೂಕು ತಂದಿದ್ದರು, ಹಬ್ಬಕ್ಕೆ ಅಣ್ಣತಮ್ಮಂದಿರು ಒಂದೇ ಬಟ್ಟೆಯಲ್ಲಿ ಷರಟು ಹೊಲಿಸಿಕೊಂಡ ಹಾಗೆ. ಆಮೇಲೆ ಹೊಲವನ್ನು ಗುತ್ತಿಗೆಗೆ ಕೊಟ್ಟು ಇಬ್ಬರೂ ಮೈಸೂರು ಸೇರಿದರು. ಅಪ್ಪ ವಿದ್ಯಾರಣ್ಯಪುರಂ, ಚಿಕ್ಕಪ್ಪ ಲಕ್ಷ್ಮೀಪುರಂ. ಎರಡು ಕಡೆಯೂ ಕಾಡುಹಂದಿ ಇಲ್ಲ. ಬಂದೂಕು ಮಾತ್ರ ಉಳಿದವು.

ಅಪ್ಪ ಹೋದ ಮೇಲೆ ಅವರ ರೈಫಲನ್ನು ತೋಟೆಗಳ ಸಮೇತ ಪೊಲೀಸರ ವಶಕ್ಕೆ ಕೊಟ್ಟಿದ್ದೆವು. ತೋಟೆ ಎಂದರೆ ಕಾರ್ಟ್ರಿಡ್ಜು, ನಮ್ಮ ಮನೆಯಲ್ಲಿ ಹಾಗೇ ಅನ್ನುವುದು. ವಾರಸುದಾರರಲ್ಲಿ ಯಾರಾದರೂ ಲೈಸೆನ್ಸ್ ಪಡೆದು ಅದನ್ನು ಬಿಡಿಸಿಕೊಳ್ಳಬೇಕು. ವಾರಸುದಾರಳು ಅಂತ ಇದ್ದವಳು ಒಬ್ಬಳೇ ಮಗಳಾದ ನಾನು. ಚಿಕ್ಕಪ್ಪನಿಗೆ ಅದು ಸರಿಬರಲಿಲ್ಲ.

"ಮನೆತನದ ಬಂದೂಕು ಕಣಮ್ಮ. ಮನೆತನದಲ್ಲೇ ಇರ್ಲಿ. ನೀನು ಬೇರೆ ಮನೆಗೆ ಹೋದವಳು."

"ಬೇರೆ ಮನೆ ಅಂದ್ರೆ ಎರಡು ಬೀದಿ ಆಚೆ, ಚಿಕ್ಕಪ್ಪ. ದಿನಾ ಬೆಳಿಗ್ಗೆ ಅಪ್ಪನಿಗೆ ತಿಂಡಿ ತಂದು ಕೊಡ್ತಿದ್ದೆ. ನೀವೇನು ತಂದ್ರಿ?"

"ಅದ್ಯಾಕೆ ಈಗ? ನಿಂಗೆ ಗುರಿ ಹೊಡಿಯೋ ಆಸೆ ಇದ್ರೆ ಒಂದು ಟೂ ಟೂ ರೈಫಲ್ ತಗೋ. ಹಗುರ. ಸದ್ದಿಲ್ಲ. ಭುಜಕ್ಕೆ ಒದಿಯಲ್ಲ. ಹೇಳಿ ಮಾಡ್ಸಿದಂಗಿರುತ್ತೆ."

ನನಗೆ ಹೊಟ್ಟೆ ಉರಿದದ್ದು ಯಾಕೆಂದರೆ, ಟೂ ಟೂ ಬಗ್ಗೆ ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದವಳು. ಹೊಟ್ಟೆಯ ಮೇಲೆ ಮಲಗಿ ಟೂ ಟೂ ಹೊಡೆದಿದ್ದೇನೆ, ಬಹುಮಾನ ತಂದಿದ್ದೇನೆ. ಟೂ ಟೂ ತೋಟೆ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇರುವುದಿಲ್ಲ. ಅಗ್ಗ. ಇಡೀ ಬೆಳಿಗ್ಗೆ ಹೊಡೆದರೂ ಮೈ ನೋಯುವುದಿಲ್ಲ, ಕೈ ಪಳಗುತ್ತದೆ. ಆದರೆ ಅದರ ಗುಂಡು ಬಡಪಾಯಿ. ಸ್ವಲ್ಪ ದೂರ ಹೋದರೆ ಗಾಳಿ ಬೀಸಿದ ಕಡೆಗೆ ವಾಲುತ್ತದೆ. ಹಲಗೆಗೆ ಅಂಟಿಸಿದ ಕಾಗದಕ್ಕೆ ಸರಿ, ಹಂದಿಯ ತೊಗಲಿಗೆ ಅಲ್ಲ.

ತ್ರೀ ಫಿಫ್ಟೀನ್ ಇನ್ನೊಂದು ಜಾತಿ. ಗುಂಡು ದಪ್ಪ, ತೂಕ. ಬಿದ್ದಲ್ಲಿ ಕೂರುತ್ತದೆ, ಗಾಳಿಗೀಳಿಗೆ ಜಗ್ಗುವುದಿಲ್ಲ. ಆದರೆ ಭಾರವಾದ್ದರಿಂದ ದೂರ ಹೋದಂತೆ ಕೆಳಕ್ಕೆ ಇಳಿಯುತ್ತದೆ, ಅಷ್ಟು ಲೆಕ್ಕ ಹಾಕಿ ಮೇಲಕ್ಕೆ ಹಿಡಿಯಬೇಕು. ತಪ್ಪಿದರೆ ಎಲ್ಲಿಗೋ ಹೋಗಿ ಏನನ್ನೋ ಹೊಡೆಯುತ್ತದೆ; ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಅದನ್ನು ಎತ್ತಲೇಬಾರದು. ತೋಟೆ ದುಬಾರಿ, ಸಿಗುವುದೂ ಕಷ್ಟ. ಒದೆತವಂತೂ ಕತ್ತೆಯದ್ದೇ. ಊರಿನಲ್ಲಿ ಕೆಲವರು ಹನ್ನೆರಡು ಬೋರಿನ ತೋಟೆಕೋವಿ ಇಟ್ಟುಕೊಂಡಿದ್ದರು. ಅದು ಚರೆಗಳನ್ನು ಎರಚುತ್ತದೆ, ಹತ್ತಿರದಲ್ಲಿದ್ದರೆ ಗುರಿ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ, ದೂರಕ್ಕೆ ನಿಷ್ಪ್ರಯೋಜಕ. ಅಪ್ಪ ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳುತ್ತಿದ್ದರು. "ಟೂ ಟೂ ಅಂದ್ರೆ ಒಗ್ಗರಣೆ ಕಣವ್ವ. ಚಟಪಟ ಅನ್ನುತ್ತೆ, ಹೊಟ್ಟೆ ತುಂಬಲ್ಲ. ತ್ರೀ ಫಿಫ್ಟೀನ್ ಅಂದ್ರೆ ರಾಗಿ ಮುದ್ದೆ. ಇಳಿಸೋಕೆ ಗಂಟಲು ಬೇಕು."

ಹಾಗಾಗಿ ಉಪಯೋಗದ ಮಾತಾಡಿದರೆ ಚಿಕ್ಕಪ್ಪನೇ ಗೆಲ್ಲುತ್ತಾರೆ. ಹೆಣ್ಣುಮಕ್ಕಳಿಗೆ ಸ್ಕೂಟರ್ ಕಲಿಸಿ ಬದುಕುವ ನನಗೆ ಹಂದಿ ಹೊಡೆಯುವ ಬಂದೂಕು ಯಾಕೆ? ಸರಿ, ಒಪ್ಪಿದೆ. ಲಕ್ಷ್ಮೀಪುರದ ಮಹಡಿ ಮನೆಯಲ್ಲಿ ಕೂತ ಅವರಿಗೆ ಯಾಕೆ? ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು, ಆಯುಧಪೂಜೆಗೆ ಹೂವು ಏರಿಸುವುದು. ಇಷ್ಟೇ ಅವರ ಬಂದೂಕಿನ ಉಪಯೋಗ. ಅವರನ್ನು ಯಾರೂ ಯಾಕೆ ಅಂತ ಕೇಳಿದ್ದಿಲ್ಲ. ನನ್ನನ್ನು ಮಾತ್ರ ಎಲ್ಲರೂ ಕೇಳಿದರು. ಕೇಳಿದಷ್ಟೂ ನನಗೆ ಹಟ ಏರಿತು. ಆ ಬಂದೂಕನ್ನು ಒರೆಸಿ ಎಣ್ಣೆ ಹಾಕುವಾಗ ಅಪ್ಪನ ಎದುರಿಗೆ ಕೂತು ಚಿಂದಿಬಟ್ಟೆ ಕೊಡುತ್ತಿದ್ದವಳು ನಾನು. ನನಗೆ ಅದು ಬೇಕಿತ್ತು, ಅಷ್ಟೇ.

ಲೈಸೆನ್ಸಿಗೆ ಮೊದಲು ತರಬೇತಿ ಆಗಬೇಕು ಅಂದರು. ಬೆಟ್ಟದ ಹಿಂದಿನ ಬಯಲಿನಲ್ಲಿ ನಾಗರಿಕರ ಶಿಬಿರ ನಡೆಯುತ್ತಿತ್ತು. ಕಲಿಸುತ್ತಿದ್ದವರು ಒಬ್ಬ ನಿವೃತ್ತ ಹವಾಲ್ದಾರರು, ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಮೊದಲ ದಿನವೇ ಗಂಡಸರ ಸಾಲಿಗೆ ತ್ರೀ ನಾಟ್ ತ್ರೀ ಎಂಬ ದೊಡ್ಡ ರೈಫಲ್, ಹೆಂಗಸರ ಸಾಲಿಗೆ ಟೂ ಟೂ ಹಂಚಿದರು. ನಾನು ಹೋಗಿ ಗಂಡಸರ ಸಾಲಿನಲ್ಲಿ ನಿಂತೆ.

"ಅಮ್ಮಾ, ಆ ಕಡೆ" ಅಂದರು ಉಸ್ತಾದ್.

"ನಾನು ಕೇಳ್ತಿರೋದು ಪೊಲೀಸರ ವಶದಲ್ಲಿರೋ ನಮ್ಮಪ್ಪನ ತ್ರೀ ಫಿಫ್ಟೀನ್ ಬಂದೂಕಿಗೆ ಲೈಸೆನ್ಸು, ಸಾರ್. ಟೂ ಟೂನಲ್ಲಿ ಕಲ್ತು ಏನ್ಮಾಡ್ಲಿ? ಸೈಕಲ್ ಹೊಡೆಸಿ ಲಾರಿ ಲೈಸೆನ್ಸ್ ಕೊಡ್ತಾರಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಗುರಿ ಕಲಿಯೋದು ಟೂ ಟೂನಲ್ಲೇ, ಎಲ್ರೂ. ಒದೆತಕ್ಕೆ ಹೆದರಿದ ಕಣ್ಣು ಮುಚ್ಕೊಂಡುಬುಡುತ್ತೆ, ಆಮೇಲೆ ಜನ್ಮದಲ್ಲಿ ಗುರಿ ಬರಲ್ಲ. ಗಂಡಸ್ರು ನನ್ನ ಮಾತು ಕೇಳಲ್ಲ, ದೊಡ್ಡದೇ ಬೇಕು ಅಂತಾರೆ. ನೀವಾದ್ರೂ ಕೇಳಿ. ಕಡೇ ದಿನ ನಿಮ್ಮಪ್ಪಂದೇ ಬಂದೂಕು ತರ್ಸಿ ಕೊಡ್ತೀನಿ. ಮೂರು ಗುಂಡು. ಮೂರೂ ಬೋರ್ಡಿನಲ್ಲಿರ್ಬೇಕು. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ."

ಆ ಮಾತಿಗೆ ಒಪ್ಪಿದೆ. ಟೂ ಟೂ ಹಿಡಿದುಕೊಂಡು ಮಲಗಿದೆ. ವಿಷಯ ಚಿಕ್ಕಪ್ಪನ ಕಿವಿಗೂ ಬಿತ್ತು. ಅವರು ಮನೆಗೇ ಬಂದು ಹೇಳಿದರು: "ಆಯ್ತು. ಮೂರೂ ಹೊಡೆದ್ರೆ ಬಂದೂಕು ನಿಂದು, ನಾನು ತುಟಿ ಪಿಟಕ್ಕನ್ನಲ್ಲ. ತಪ್ಪಿದ್ರೆ ನನ್ನ ಹೆಸರಿಗೆ ಒಪ್ಪಿಗೆ ಬರೆದು ಕೊಡ್ಬೇಕು." ಕೊಡುತ್ತೇನೆ ಎಂದುಬಿಟ್ಟೆ. ತ್ರೀ ಫಿಫ್ಟೀನನ್ನು ನಾನು ಅದುವರೆಗೆ ಒರೆಸಿದ್ದೆನೇ ಹೊರತು ಒಂದು ಸಲವೂ ಹೊಡೆದಿರಲಿಲ್ಲ.

ಕಡೇ ದಿನ ಚಿಕ್ಕಪ್ಪನೂ ಬಂದರು, ಹೆಗಲಿಗೆ ತಮ್ಮ ಬಂದೂಕು. ಅವರ ಲೈಸೆನ್ಸ್ ನವೀಕರಣಕ್ಕೂ ಅವತ್ತೇ ಹೊಡೆದು ತೋರಿಸಬೇಕಿತ್ತಂತೆ. ಅವರದಾಯಿತು, ನನ್ನ ಸರದಿ ಬಂತು. ಉಸ್ತಾದ್ ಅಪ್ಪನ ರೈಫಲ್ ತಂದು ಕೈಗೆ ಕೊಟ್ಟರು, ತೋಟೆಗಳ ಡಬ್ಬಿಯನ್ನೂ ಕೊಟ್ಟರು. ನಾನು ಮಲಗಿ, ಬೋಲ್ಟ್ ಎಳೆದು, ತೋಟೆ ತುಂಬಿ, ಉಸಿರು ಹಿಡಿದು ಬಂದೂಕಿನ ಕುದುರೆ ಒತ್ತಿದೆ.

ಟಿಕ್.

ಇಷ್ಟೇ. ಬಾಗಿಲ ಚಿಲಕ ಹಾಕಿದಷ್ಟು ಸದ್ದು. ಹಿಂದೆ ಯಾರೋ ಕಿಸಕ್ಕೆಂದರು. ನಾನು ಅಲ್ಲಾಡಲಿಲ್ಲ. ಹೊಡೆಯದ ತೋಟೆ ತಡವಾಗಿ ಸಿಡಿಯಬಹುದು, ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕಾಯಬೇಕು ಎಂದು ಕಲಿತಿದ್ದೆ. ಕಾದೆ. ಉಸ್ತಾದ್ ತಲೆಯಾಡಿಸಿದ ಮೇಲೆ ತೆಗೆದು ಬೇರೆ ತೋಟೆ ಹಾಕಿದೆ. ಅದೂ ಟಿಕ್.

"ಅಣ್ಣನ ಬಂದೂಕು ಕಣ್ರೀ, ಹೆಣ್ಣಿನ ಕೈಗೆ ಒಗ್ತಾ ಇಲ್ಲ" ಎಂದರು ಚಿಕ್ಕಪ್ಪ, ಎಲ್ಲರಿಗೂ ಕೇಳುವ ಹಾಗೆ.

ಉಸ್ತಾದ್ ತೋಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ತಳದಲ್ಲಿ, ಸೂಜಿ ಬಂದು ಹೊಡೆಯುವ ಜಾಗದ ಸುತ್ತ, ಕೆಂಪಗೆ ಏನೋ ಮೆತ್ತಿಕೊಂಡಿತ್ತು.

"ಏನಮ್ಮಾ ಇದು?"

"ಕುಂಕುಮ, ಸಾರ್."

ಹೇಳದೆ ವಿಧಿಯಿಲ್ಲ. ನಮ್ಮ ಮನೆಯ ಆಯುಧಪೂಜೆ ಅಂದರೆ ಬಂದೂಕು ಮಣೆಯ ಮೇಲೆ, ತೋಟೆಗಳು ಹಿತ್ತಾಳೆ ತಟ್ಟೆಯಲ್ಲಿ. ಒಂದೊಂದು ತೋಟೆಯ ಬುಡಕ್ಕೂ ಅರಿಶಿನ, ಕುಂಕುಮ, ಗಂಧ. ಮೇಲೆ ತೀರ್ಥ ಚಿಮುಕಿಸಿ, ಒರೆಸಿದರೆ ದೋಷವೆಂದು ಒರೆಸದೆ, ಹಾಗೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ. ಸಿಗುವುದೇ ಕಷ್ಟವೆಂದು ಅಪ್ಪ ಅವನ್ನು ಹೊಡೆಯುತ್ತಲೇ ಇರಲಿಲ್ಲ. ಹಾಗಾಗಿ ಅವೇ ತೋಟೆಗಳಿಗೆ ಪ್ರತಿ ವರ್ಷ ಪೂಜೆ.

"ಪೂಜೆ ಮಾಡಿ ಅಮ್ಮ, ಬೇಡ ಅನ್ನಲ್ಲ. ಬಂದೂಕಿನ ಮದ್ದಿಗೆ ತೀರ್ಥ ಕುಡಿಸ್ತಾರೇನ್ರೀ ಯಾರಾದ್ರೂ?" ಎಂದರು ಉಸ್ತಾದ್.

ಬಯಲಿಗೆ ಬಯಲೇ ನಕ್ಕಿತು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ನುಂಗಿದೆ. ಡಬ್ಬಿಯಲ್ಲಿದ್ದ ಅಷ್ಟೂ ತೋಟೆಗಳದ್ದು ಒಂದೇ ಕಥೆ. ಶಿಬಿರದಲ್ಲಿ ಬೇಕಾದಷ್ಟು ತ್ರೀ ನಾಟ್ ತ್ರೀ ತೋಟೆ ಇದ್ದವು, ಟೂ ಟೂ ಅಂತೂ ರಾಶಿ. ಯಾವುದೂ ತ್ರೀ ಫಿಫ್ಟೀನಿಗೆ ಕೂರುವುದಿಲ್ಲ. ಒಂದು ಬೋರಿನದು ಇನ್ನೊಂದಕ್ಕೆ ಹಾಕಿದರೆ ಕೈಕಣ್ಣು ಹೋಗುವ ಕೆಲಸ. ಇಡೀ ಬಯಲಿನಲ್ಲಿ ಇನ್ನೊಂದು ತ್ರೀ ಫಿಫ್ಟೀನ್ ಇದ್ದದ್ದು ಚಿಕ್ಕಪ್ಪನ ಹೆಗಲ ಮೇಲೆ, ಅದಕ್ಕೆ ಹೊಸ ತೋಟೆಗಳು ಅವರ ಸೊಂಟದ ಚೀಲದಲ್ಲಿ. ಎರಡು ಸಲ ಟಿಕ್ ಎಂದ ಅಪ್ಪನ ಬಂದೂಕನ್ನು ಬಿಚ್ಚಿ ನೋಡದೆ ಇನ್ನು ತುಂಬಬಾರದು ಎಂದು ಉಸ್ತಾದ್ ಅದನ್ನು ಬದಿಗಿಟ್ಟಿದ್ದರು.

ನಾನು ಎದ್ದು ಹೋಗಿ ಅವರ ಮುಂದೆ ನಿಂತೆ.

"ಚಿಕ್ಕಪ್ಪ, ನಿಮ್ಮ ಬಂದೂಕು ಕೊಡಿ. ಅದೇ ಬೋರು. ಅದರಲ್ಲೇ ಹೊಡೆದು ತೋರಿಸ್ತೀನಿ."

"ಏ, ಹುಡುಗಾಟನಾ? ಪೂಜೆ ಮಾಡಿದ ಬಂದೂಕು ಕಣಮ್ಮ. ಹೆಂಗಸ್ರು ಮುಟ್ಟೋ ಹಂಗಿಲ್ಲ."

ಅಲ್ಲಿಗೆ ನನ್ನ ತಾಳ್ಮೆ ಕಿತ್ತುಹೋಯಿತು.

"ಪೂಜೆಗೆ ಗಂಧ ತೇಯ್ದವರು ಯಾರು ಚಿಕ್ಕಪ್ಪ? ಮಣೆ ತೊಳೆದವರು ಯಾರು? ಎರಡು ಮನೆ ಬಂದೂಕಿಗೂ ಹಾರ ಕಟ್ಟಿದವರು ಯಾರು? ನಾವು ತೇಯ್ದ ಗಂಧ ಆಗುತ್ತೆ, ನಾವು ಕಟ್ಟಿದ ಹೂವು ಆಗುತ್ತೆ, ಕೈ ಮಾತ್ರ ಆಗಲ್ವಾ? ಹೆಂಗಸ್ರು ಮುಟ್ಟಿದ್ದು ದೋಷ ಆದ್ರೆ ನಿಮ್ಮ ಬಂದೂಕು ಯಾವತ್ತೋ ಕೆಟ್ಟು ಕೂತಿರ್ಬೇಕಿತ್ತು. ಕೊಡಿ!"

ಚಿಕ್ಕಪ್ಪ ಉಸ್ತಾದರ ಮುಖ ನೋಡಿದರು. ಉಸ್ತಾದ್, "ಒಂದೇ ಬೋರು. ಮಾಲೀಕರು ಪಕ್ಕದಲ್ಲಿ ನಿಂತಿರ್ತೀರಿ, ನಾನೂ ಇರ್ತೀನಿ. ನನ್ನದೇನೂ ಅಡ್ಡಿಯಿಲ್ಲ" ಎಂದರು. ಅಷ್ಟೂ ಜನ ಚಿಕ್ಕಪ್ಪನನ್ನೇ ನೋಡುತ್ತಿದ್ದರು. ಅವರು ಹೆಗಲಿನಿಂದ ಬಂದೂಕು ಇಳಿಸಿ, ತೋಟೆಗಳನ್ನು ತಾವೇ ಎಣಿಸಿ, ನೆಲ ನೋಡಿಕೊಂಡು ಕೊಟ್ಟರು.

ಮೊದಲನೆಯದು ಒದ್ದಾಗ ನನಗೆ ಪ್ರಪಂಚವೇ ಕಾಣಲಿಲ್ಲ. ಟೂ ಟೂ ಅಭ್ಯಾಸದಲ್ಲಿ ಸಡಿಲವಾಗಿ ಹಿಡಿದಿದ್ದೆ. ಬಂದೂಕಿನ ಹಿಂಭಾಗ ಮೂಳೆಗೇ ಬಂದು ಬಡಿಯಿತು, ಹಲ್ಲು ಹಲ್ಲಿಗೆ ತಾಗಿತು. ಗುಂಡು ಬೋರ್ಡಿನ ಎಡ ಅಂಚನ್ನು ಕಚ್ಚಿಕೊಂಡು ಹೋಗಿತ್ತು. ಬೋರ್ಡಿನಲ್ಲಿತ್ತು, ಅಷ್ಟೇ ಸಮಾಧಾನ.

"ಮುದ್ದು ಮಾಡ್ಬೇಡಿ ಅದನ್ನ. ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡೀರಿ. ಸಂದು ಕೊಟ್ರೆ ಗುದ್ದುತ್ತೆ, ಕೊಡದೇ ಇದ್ರೆ ಬರೀ ತಳ್ಳುತ್ತೆ" ಎಂದರು ಉಸ್ತಾದ್.

ಒತ್ತಿ ಹಿಡಿದೆ. ಆಗಲೇ ಏಟು ತಿಂದ ಜಾಗಕ್ಕೆ ಅದನ್ನು ಇನ್ನಷ್ಟು ಒತ್ತಿಕೊಳ್ಳುವುದಿದೆಯಲ್ಲ, ದೇವರೇ, ಅದೇ ದೊಡ್ಡ ಪರೀಕ್ಷೆ. ಮೈಯೆಲ್ಲ ಬೇಡ ಬೇಡ ಅನ್ನುತ್ತಿತ್ತು. ಎರಡನೆಯದು ಕಪ್ಪು ವೃತ್ತದ ಕೆಳಗೆ ಬಿತ್ತು. ಗುಂಡು ಇಳಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ಆಗ ತಲೆಗೆ ಹೋಯಿತು. ಚೂರು ಮೇಲಕ್ಕೆ ಹಿಡಿದೆ. ಕಣ್ಣು ಮುಚ್ಚಲು ನೋಡಿತು, ಬಿಡಲಿಲ್ಲ. ಮೂರನೆಯದು ಕಪ್ಪಿನ ಒಳಕ್ಕೇ ಕೂತಿತು.

ಉಸ್ತಾದ್ ಸಹಿ ಹಾಕಿದರು. ಹಾಕುವಾಗ, "ಬಂದೂಕು ಮನೆಗೆ ಬಂದ ಮೇಲೆ ಹೊಸಾ ತೋಟೆ ತನ್ನಿ, ಮರದ ಹಿಡಿಗೆ ಬೇಕಾದ್ರೆ ಕುಂಕುಮ ಇಡಿ" ಎಂದರು. ನಾನು ಚಿಕ್ಕಪ್ಪನ ಬಂದೂಕನ್ನು ಬಟ್ಟೆಯಿಂದ ಒರೆಸಿ ಅವರ ಕೈಗೆ ವಾಪಸು ಕೊಟ್ಟೆ. ಅವರು ಅದನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನನ್ನ ಜೊತೆ ಸ್ಕೂಟರಿನವರೆಗೂ ನಡೆದು ಬಂದರು. ಬಲಗೈ ಎತ್ತಲಾಗದೆ ನಾನು ಎಡಗೈಯಲ್ಲಿ ಹೆಲ್ಮೆಟ್ ಹಾಕಿಕೊಳ್ಳಲು ಒದ್ದಾಡುತ್ತಿದ್ದೆ. ಅದನ್ನು ನೋಡಿದರು. ಇಷ್ಟು ದಿನದಲ್ಲಿ ಮೊದಲ ಸಲ ಅವರ ದನಿ ಇಳಿದಿತ್ತು.

"ನೋಯ್ತಾ ಇದೆಯಾ ಮಗಾ?"

"ನೋಯ್ತಾ ಇದೆ."

"ಅದಕ್ಕೇ ಕಣಮ್ಮ ನಾನು ಹೇಳಿದ್ದು, ಟೂ ಟೂ..."

"ಭುಜ ನಂದು, ಚಿಕ್ಕಪ್ಪ."