ಮಗುಚದೆ ಉಳಿದ ಬೆಳ್ಳಿ ಡಾಲರ್

ಬೆಳಗಿನ ಐದು ಗಂಟೆ. ಬೆಲ್ ಗಲ್ಚ್ ಊರಿನ ಬುಲಾಯಿಚ್ ಬಾರಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಸ್ತಾನಾ ಬುಲಾಯಿಚ್ ಕೋಟು ಕಳಚಿ ಗೂಟಕ್ಕೆ ಸಿಕ್ಕಿಸುತ್ತಾರೆ. ಸೋರುವ ಸೂರಿನ ಕೆಳಗಿಟ್ಟ ಬಕೆಟ್ಟನ್ನು ಹೊರಗೆ ಚೆಲ್ಲಿ ಬಂದು, ಹಳೆಯ ಫ್ಲ್ಯಾನೆಲ್ ಬಟ್ಟೆ ಹಿಡಿದು ಉದ್ದನೆಯ ಓಕ್ ಕೌಂಟರನ್ನು ಬಾಗಿಲ ಕಡೆಯಿಂದ ಒರೆಸಲು ಶುರುಮಾಡುತ್ತಾರೆ. ಮರದೊಳಗೆ ಕೂರಿಸಿದ ಬೆಳ್ಳಿ ಡಾಲರುಗಳು ಬಟ್ಟೆ ಸರಿದಂತೆಲ್ಲ ಹೊಳೆಯುತ್ತವೆ. ಹದ್ದು, ಹದ್ದು, ಮತ್ತೆ ಹದ್ದು. ಗೋಡೆಯ ಕಡೆಯ ತುದಿ ಬಂದಾಗ ಕೈ ನಿಧಾನವಾಗುತ್ತದೆ. ಅಲ್ಲೊಂದು ನಾಣ್ಯ ಮಾತ್ರ ಮುಖ ಮೇಲೆ ಮಾಡಿಕೊಂಡಿದೆ.

"ಎದ್ಯಾ ಸ್ಪಾಸೋ?" ಎಂದು ಕೇಳಿ ಅದನ್ನೂ ಒರೆಸುತ್ತಾರೆ. ಸ್ಪಾಸೋ ಅವರ ಗಂಡ. ಸ್ತಾನಾಗೆ ಈಗ ಎಪ್ಪತ್ತೇಳು, ಸ್ಪಾಸೋಗೆ ಇನ್ನೂ ಇಪ್ಪತ್ತೆಂಟು. ಮೊಮ್ಮಗನನ್ನು ಎಬ್ಬಿಸುವ ದನಿಯಲ್ಲೇ ಅವರು ಗಂಡನನ್ನು ಎಬ್ಬಿಸುವುದು.

ಮೊಂಟಾನಾದ ಈ ಗಣಿ ಊರಿನಲ್ಲಿ ಕಾಗದದ ನೋಟನ್ನು ಬಹಳ ಕಾಲ ಯಾರೂ ನಂಬುತ್ತಿರಲಿಲ್ಲ. ಸಂಬಳವೆಂದರೆ ಬೆಳ್ಳಿ, ಜೇಬು ಜೋತು ಬೀಳಬೇಕು. ಮೊದಲ ಸಲ ಗಣಿಗೆ ಇಳಿದವನು ಸಂಜೆ ಮೇಲೆ ಬಂದು ತನ್ನ ಹುಟ್ಟಿದ ವರ್ಷದ ಡಾಲರನ್ನು ಈ ಕೌಂಟರಿನಲ್ಲಿ ಕೂರಿಸುವುದು ಪದ್ಧತಿ. ಆ ವರ್ಷದ್ದು ಹುಡುಕಿಕೊಡಿ ಎಂದು ಗಂಡಸರು ಬ್ಯಾಂಕಿನ ಗುಮಾಸ್ತನ ಪ್ರಾಣ ತಿನ್ನುತ್ತಿದ್ದರಂತೆ. ಸರ್ಕಾರ ಎಷ್ಟೋ ವರ್ಷ ಡಾಲರನ್ನೇ ಅಚ್ಚು ಹಾಕಲಿಲ್ಲ, ಅಂಥ ವರ್ಷಗಳಲ್ಲಿ ಹುಟ್ಟಿದವರು ಅಪ್ಪನದೋ ತಾತನದೋ ವರ್ಷ ಹಾಕುತ್ತಿದ್ದರು. ಸ್ಪಾಸೋ ಹಾಕಿದ್ದು ತಾತನ ವರ್ಷ, 1889.

ನಾಣ್ಯದ ಮುಖದಲ್ಲಿ ಕಿರೀಟ ತೊಟ್ಟ ಹೆಂಗಸು, ಬೆನ್ನಿನಲ್ಲಿ ಹದ್ದು. ಬದುಕಿರುವವನ ನಾಣ್ಯ ಮುಖ ಮೇಲಾಗಿರುತ್ತದೆ. "ಮನೇಲಿ ಹೆಂಡ್ತಿ ಬೈತಾಳೆ, ಇವಳು ಸುಮ್ನೆ ಕೂತಿರ್ತಾಳೆ ಅಂತ ಗಂಡಸರು ಇಲ್ಲಿ ಕೂತು ಕುಡಿಯೋರು," ಎಂದು ಸ್ತಾನಾ ನಗುತ್ತಾರೆ. ನಾಣ್ಯ ಹಾಕಿದವನು ಸತ್ತ ಮೇಲೆ ಅದನ್ನು ಮಗುಚುತ್ತಾರೆ, ಹದ್ದು ಮೇಲಾಗುತ್ತದೆ. ಮಗುಚುವ ಕೆಲಸ ಮೊದಲು ಮಾವನದಾಗಿತ್ತು. ಅವರ ಕೈ ನಡುಗತೊಡಗಿದ ಮೇಲೆ ಸ್ತಾನಾ ಪಾಲಿಗೆ ಬಂತು.

ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಇಸ್ತ್ರಿಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟು ಅಂಚಿನ ವಾರ್ನಿಷ್ ಮೆತ್ತಗೆ ಮಾಡಬೇಕು, ತೆಳು ಚಾಕುವಿನಿಂದ ಮರಕ್ಕೆ ಗಾಯವಾಗದಂತೆ ಎಬ್ಬಿಸಬೇಕು, ತಿರುಗಿಸಿ ಮತ್ತೆ ಅಂಟಿಸಬೇಕು. ಸತ್ತವನ ಹೆಸರಿನಲ್ಲಿ ಹಿಂದಿನ ದಿನವೇ ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟ ಬೆರೆಸಿ ಇಡಬೇಕು. ಸತ್ತವನ ಮನೆಯವರು ಬಂದು ಒಂದೊಂದು ಚಮಚ ಗೋಧಿ, ಒಂದೊಂದು ಗುಟುಕು ಪ್ಲಮ್ ಬ್ರಾಂದಿ ತೆಗೆದುಕೊಂಡು ಹೋಗುತ್ತಾರೆ. ಹೆಚ್ಚಿನವರು ಸ್ತಾನಾ ಕಡೆ ತಿರುಗಿಯೂ ನೋಡುವುದಿಲ್ಲ. ದುಃಖದಲ್ಲಿರುವವರಿಗೆ ಚಾಕು ಹಿಡಿದವಳ ಮುಖ ಎಲ್ಲಿ ನೆನಪಿರುತ್ತದೆ?

ಮದುವೆಯಾಗಿ ಎರಡನೇ ಚಳಿಗಾಲಕ್ಕೆ ಗಣಿಯ ಕೆಳಗಿನ ಸುರಂಗಕ್ಕೆ ನೀರು ನುಗ್ಗಿತು. ಮೂವರ ಹೆಣ ಸಿಕ್ಕಿತು, ಸ್ಪಾಸೋನದು ಸಿಗಲಿಲ್ಲ. ಕಂಪನಿಯವರು ಹುಡುಕಿ ಹುಡುಕಿ ಕೈಚೆಲ್ಲಿ, ಆ ಸುರಂಗಕ್ಕೆ ಇಳಿಯುವ ಬಾವಿಯ ಬಾಯಿಗೆ ಕಾಂಕ್ರೀಟ್ ಸುರಿದರು. ಉಳಿದ ಮೂವರ ನಾಣ್ಯ ಮಗುಚಿದ ದಿನ ಮಾವ ಸೊಸೆಯ ಮುಖ ನೋಡಿದರು.

"ತಂದು ತೋರ್ಸಿ, ಆಮೇಲೆ ಮಗುಚಿ ಅಂದೆ. ಮಾವ ಮತ್ತೆ ಕೇಳ್ಲಿಲ್ಲ. ಚರ್ಚಲ್ಲೂ ಅಷ್ಟೇ. ಬದುಕಿರೋರ ಮೇಣದಬತ್ತಿ ಮೇಲಿನ ತಟ್ಟೇಲಿ, ಸತ್ತೋರದ್ದು ಕೆಳಗಿನ ತಟ್ಟೇಲಿ. ನಾನು ಇವತ್ತಿಗೂ ಮೇಲೇ ಹಚ್ತೀನಿ. ಪಾದ್ರಿಗಳು ಎಷ್ಟೋ ಜನ ಬದಲಾದ್ರು, ಒಬ್ರೂ ಬಾಯಿ ಬಿಡ್ಲಿಲ್ಲ."

ಬಾಯಿ ಬಿಟ್ಟವನು ಟೈಸ್ಟೊ ಹೌತಲಾ ಎಂಬ ಗಣಿಯವನೊಬ್ಬನೇ. "ಅದನ್ನ ಮಗುಚು ಸ್ತಾನಾ, ಮಾರನೇ ದಿನಾನೇ ನಿನ್ನ ಕೇಳೋಕೆ ಬರ್ತೀನಿ," ಎಂದಿದ್ದನಂತೆ. ಇವರು ಮಗುಚಲಿಲ್ಲ, ಅವನು ಬೇರೆ ಮದುವೆಯಾಗಲಿಲ್ಲ. ಕಳೆದ ಚಳಿಗಾಲದಲ್ಲಿ ಟೈಸ್ಟೊನ ನಾಣ್ಯವನ್ನು ಸ್ತಾನಾ ತಾವೇ ಮಗುಚಿದರು. ಅದನ್ನು ಹೇಳುವಾಗ ಬಟ್ಟೆಯನ್ನು ಸುಮ್ಮನೆ ಮಡಚಿ ಬಿಚ್ಚುತ್ತಾರೆ. ಗಣಿ ಮುಚ್ಚಿ ಬಹಳ ಕಾಲವಾಗಿದೆ, ಇನ್ನು ಮಗುಚಲು ಉಳಿದಿರುವುದು ಒಂದೇ.

ಆ ಒಂದಕ್ಕೇ ಈಗ ಕುತ್ತು ಬಂದಿದೆ. ಹಿಮ ಬೀಳುವ ಮೊದಲು ಸೂರು ಸರಿಮಾಡಿಸದಿದ್ದರೆ ಬಾರಿಗೆ ಬೀಗ ಹಾಕಬೇಕೆಂದು ಕಟ್ಟಡಗಳ ತಪಾಸಣೆ ಮಾಡುವ ಸರ್ಕಾರಿ ಕಚೇರಿಯವರು ಹೇಳಿದ್ದಾರೆ. ಬಾರು ನಡೆಸುವ ರಾಡೆ ಸ್ಪಾಸೋನ ಅಣ್ಣನ ಮಗ, ಕೈಯಲ್ಲಿ ಕಾಸಿಲ್ಲ. ಹಳೆಯ ಡಾಲರುಗಳ ವ್ಯಾಪಾರಿ ವಿಲ್ಬರ್ ಟ್ರಾಸ್ಕ್‌ನನ್ನು ಮಿಸ್ಸೌಲಾದಿಂದ ಅವನೇ ಕರೆಸಿದ. ಟ್ರಾಸ್ಕ್ ಭೂತಗನ್ನಡಿ ಹಿಡಿದು ಕೌಂಟರಿನ ಉದ್ದಕ್ಕೂ ನಡೆದು ತಲೆ ಚಚ್ಚಿಕೊಂಡ.

"ಹಳೇ ಬೆಳ್ಳೀನ ಒರೆಸಬಾರ್ದಮ್ಮ! ಒರೆಸಿದ ನಾಣ್ಯಾನ ಸಂಗ್ರಹ ಮಾಡೋರು ಮೂಸಿ ನೋಡಲ್ಲ. ಇವೆಲ್ಲ ಕರಗಿಸೋಕೇ ಸೈ."

ಸ್ತಾನಾ ಮುಖ ಸಪ್ಪಗಾಯಿತು. ಅವರು ಬಾಳಿನುದ್ದಕ್ಕೂ ಮಾಡಿದ್ದು ಅದೊಂದೇ ಕೆಲಸ.

ಗೋಡೆಯ ತುದಿಯಲ್ಲಿ ಟ್ರಾಸ್ಕ್ ನಿಂತುಬಿಟ್ಟ. 1889ರ ಡಾಲರು ಊರಿಗೆಲ್ಲ ಹಂಚುವಷ್ಟಿವೆ, ಆದರೆ ಕಾರ್ಸನ್ ಸಿಟಿಯ ಟಂಕಸಾಲೆಯದಾದರೆ ಅಪರೂಪ. ಮುಖ ಸವೆದಿದ್ದರೂ ಸೂರಿನ ರಿಪೇರಿಗೆ ಸಾಕಾಗುವಷ್ಟು ಕೊಡಲು ಅವನು ತಯಾರು. ಆದರೆ ಟಂಕಸಾಲೆಯ ಗುರುತಾದ ಎರಡು ಪುಟ್ಟ ಅಕ್ಷರಗಳಿರುವುದು ಬೆನ್ನಿನಲ್ಲಿ, ಹದ್ದಿನ ಬಾಲದ ಕೆಳಗೆ. ಮಗುಚದೆ ಗೊತ್ತಾಗುವುದಿಲ್ಲ.

"ಚಿಕ್ಕಮ್ಮ, ನಾನಂತೂ ಕೇಳಲ್ಲ," ಎಂದ ರಾಡೆ.

"ಕೇಳಲ್ಲ ಕೇಳಲ್ಲ ಅಂತಾನೇ ಕೇಳಿಬಿಟ್ಯಲ್ಲೋ."

ಒಂದು ವಾರ ಸ್ತಾನಾ ಕೌಂಟರು ಒರೆಸುತ್ತಲೇ ಲೆಕ್ಕ ಹಾಕಿದರು. ಬೀಗ ಬಿದ್ದರೆ ಕೌಂಟರಿನ ಬೆಳ್ಳಿಯೆಲ್ಲ ಕುಲುಮೆಗೆ ಹೋಗುತ್ತದೆ, ಅದರ ಜೊತೆಗೆ ಊರಿನ ಗಂಡಸರೆಲ್ಲ ಹೋಗುತ್ತಾರೆ. ಶುಕ್ರವಾರ ಅವರ ಅಡುಗೆಮನೆಯಿಂದ ಗೋಧಿ ಬೇಯುವ ವಾಸನೆ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯರಿಗೆ ಅರ್ಥವಾಯಿತು. ಒಬ್ಬಾಕೆ ಅಲ್ಲೇ ಬೇಲಿ ಹಿಡಿದು ಅತ್ತರು.

ಈ ಶನಿವಾರ ಬೆಳಿಗ್ಗೆ ಬಾರಿನಲ್ಲಿ ಇರುವುದು ನಾಲ್ಕೇ ಜನ, ಸ್ತಾನಾ, ರಾಡೆ, ಟ್ರಾಸ್ಕ್ ಮತ್ತು ಪಾದ್ರಿ. ಪ್ರಾರ್ಥನೆ ಮುಗಿಯುತ್ತದೆ. ಇಸ್ತ್ರಿಪೆಟ್ಟಿಗೆ ಕಾದಿದೆ. ಸ್ತಾನಾ ಚಾಕುವನ್ನು ಅಂಚಿಗೆ ತಂದು ಒಮ್ಮೆ ಹಿಂದೆಗೆಯುತ್ತಾರೆ. "ಕ್ಷಮಿಸೋ," ಎನ್ನುತ್ತಾರೆ, ಗಟ್ಟಿಯಾಗಿಯೇ. ನಾಣ್ಯ ಏಳುತ್ತದೆ. ಅಂಗೈಯಲ್ಲಿ ಅದನ್ನು ತಿರುಗಿಸಿಕೊಳ್ಳುತ್ತಾರೆ.

ಬೆನ್ನಿನ ತುಂಬ ಕಪ್ಪಗೆ ಗಟ್ಟಿಯಾದ ವಾರ್ನಿಷ್. ನಾಣ್ಯದ ಅಂಚು ಎತ್ತರವಿರುವುದರಿಂದ ಅದು ಮರಕ್ಕೆ ತಾಗದೆ ಹಾಗೇ ಉಳಿದಿದೆ. ಹದ್ದಿನ ತಲೆ, ರೆಕ್ಕೆ ಮಬ್ಬಾಗಿ ಕಾಣುತ್ತವೆ. ಬಾಲದ ಕೆಳಗೆ ಮಾತ್ರ ಏನೂ ಕಾಣುವುದಿಲ್ಲ. ಅಲ್ಲಿ ಒಂದು ಹೆಬ್ಬೆರಳ ಗುರುತು ಬಿದ್ದಿದೆ. ಗೆರೆಗೆರೆಯೂ ಎದ್ದು ಕಾಣುವ ದೊಡ್ಡ ಹೆಬ್ಬೆರಳು. ಹತ್ತೊಂಬತ್ತರ ಹುಡುಗನೊಬ್ಬ ಮೊದಲ ದಿನದ ಗಣಿ ಮುಗಿಸಿ ಬಂದು, ವಾರ್ನಿಷ್ ಆರುವ ಮೊದಲೇ ಅವಸರದಲ್ಲಿ ನಾಣ್ಯ ಹಿಡಿದಿದ್ದಾನೆ.

"ಅವನು ಯಾವತ್ತೂ ಹೀಗೇ," ಎನ್ನುತ್ತಾರೆ ಸ್ತಾನಾ. "ಒಣಗೋ ತನಕ ಕಾಯ್ತಿರ್ಲಿಲ್ಲ. ಬಾಗಿಲಿಗೆ ಬಣ್ಣ ಹಚ್ಚಿದಾಗ್ಲೂ ಅಷ್ಟೇ."

ತಮ್ಮ ಹೆಬ್ಬೆರಳನ್ನು ಆ ಗುರುತಿನ ಮೇಲೆ ಮುಟ್ಟಿಯೂ ಮುಟ್ಟದಂತೆ ಹಿಡಿಯುತ್ತಾರೆ. ರಾಡೆ ಸ್ಟೂಲು ಎಳೆದು ಅವರನ್ನು ಕೂರಿಸುತ್ತಾನೆ. ಐವತ್ತಾರು ವರ್ಷ ತಡೆದಿಟ್ಟ ಅಳು ಆ ಖಾಲಿ ಬಾರಿನ ತುಂಬ ಕೇಳುತ್ತದೆ.

ಟ್ರಾಸ್ಕ್ ಒಳ್ಳೆಯ ಮನುಷ್ಯ, ಬಹಳ ಹೊತ್ತು ಕಾಯುತ್ತಾನೆ. ಕೊನೆಗೆ ಜೇಬಿನಿಂದ ಪುಟ್ಟ ಶೀಶೆ, ಹತ್ತಿ ತೆಗೆದು ಮೆಲ್ಲಗೆ ಹೇಳುತ್ತಾನೆ, "ಒಂದೇ ಸಲ ಒರೆಸಿದ್ರೆ ಸಾಕಮ್ಮ. ಅಕ್ಷರ ಇದ್ಯೋ ಇಲ್ವೋ ಗೊತ್ತಾಗುತ್ತೆ."

ಸ್ತಾನಾ ನಾಣ್ಯವನ್ನು ಎದೆಗೆ ಅವಚಿಕೊಂಡು ರಾಡೆಯನ್ನು ನೋಡುತ್ತಾರೆ. ಸೂರು ಅವನದು, ಬಾರು ಅವನದು. ರಾಡೆ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ.

"ಬಿಡಿ ಚಿಕ್ಕಮ್ಮ. ಹಳೇ ತಗಡು ಬೇಕಾದಷ್ಟು ಬಿದ್ದಿದೆ. ನಾನೇ ಮೇಲೆ ಹತ್ತಿ ಹೊಡೀತೀನಿ."

"ಹೊಟ್ಟೆ ನೋಡ್ಕೋ. ಏಣಿ ಮುರಿದೀತು."

ತಗಡು ಹೊಡೆದರೆ ಕಚೇರಿಯವರು ಒಪ್ಪುತ್ತಾರೋ ಇಲ್ಲವೋ, ರಾಡೆಗೂ ಗೊತ್ತಿಲ್ಲ. ಟ್ರಾಸ್ಕ್ ಶೀಶೆಯನ್ನು ಜೇಬಿಗೆ ಹಾಕಿಕೊಂಡು ಒಂದು ಚಮಚ ಗೋಧಿ ತಿನ್ನುತ್ತಾನೆ. ಸ್ತಾನಾ ಎದ್ದು, ಅಂಚಿಗೆ ಹೊಸ ವಾರ್ನಿಷ್ ಸವರಿ, ಹದ್ದನ್ನು ಮೇಲೆ ಮಾಡಿ ನಾಣ್ಯವನ್ನು ಅದರ ಜಾಗದಲ್ಲಿ ಕೂರಿಸುತ್ತಾರೆ. ಈ ಸಲ ಅದು ಆರುವ ತನಕ ಪಕ್ಕದಲ್ಲೇ ಕೂರುತ್ತಾರೆ. ನಾಳೆ ಭಾನುವಾರ, ಮೇಣದಬತ್ತಿ ಕೆಳಗಿನ ತಟ್ಟೆಯಲ್ಲಿ ಹಚ್ಚಬೇಕು.

ನಿಮಗೇನಾದರೂ ಆಸೆ ಇದೆಯಾ ಎಂದು ಕೇಳಿದರೆ ಅವರು ಫ್ಲ್ಯಾನೆಲ್ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಯೋಚಿಸುತ್ತಾರೆ.

"ನಾನು ಹೋದ್ಮೇಲೆ ಇಲ್ಲಿ ಕೆಲಸಕ್ಕೆ ಬರೋರಿಗೆ ಒಂದು ಮಾತು ಹೇಳಿ. ಎಲ್ಲಾದನ್ನೂ ಒರೆಸ್ಲಿ. ನಾನೂ ಎಲ್ಲಾದನ್ನೂ ಒರೆಸಿದೋಳೇ. ಇದೊಂದನ್ನ ಮಾತ್ರ ಒರೆಸೋದು ಬೇಡ."